ವಾಲೆ ದಾವೋಸ್ತಾದ ವೈನ್‌ಗಳನ್ನು ಅರಿಯುವ ಬಗೆ: ಮೊದಲು ಊರು, ಆಮೇಲೆ ತಳಿ

ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಗಡಿಗೆ ತಾಗಿಕೊಂಡು ವಾಲೆ ದಾವೋಸ್ತಾ ಎಂಬ ಪ್ರಾಂತ್ಯವಿದೆ. ವಿಸ್ತೀರ್ಣದಲ್ಲಿಯೂ ಜನಸಂಖ್ಯೆಯಲ್ಲಿಯೂ ಇಟಲಿಯ 20 ಪ್ರಾಂತ್ಯಗಳಲ್ಲಿ ಇದೇ ಅತಿ ಚಿಕ್ಕದು. ಮಾಂಟ್ ಬ್ಲಾಂಕ್ ಪರ್ವತದ ಹಿಮರಾಶಿಯಿಂದ ಹೊರಡುವ ಡೋರಾ ಬಾಲ್ತೆಯಾ ನದಿ ಪ್ರಾಂತ್ಯದ ನಟ್ಟನಡುವೆ ಹರಿದು, ನೆರೆಯ ಪಿಯೆಮೊಂತೆ ಪ್ರಾಂತ್ಯದ ಬಯಲಿಗೆ ಇಳಿದು, ಕೊನೆಗೆ ಪೋ ನದಿಯನ್ನು ಸೇರುತ್ತದೆ. ಇಲ್ಲಿ ದ್ರಾಕ್ಷಿ ಬೆಳೆಯುವುದೆಲ್ಲ ಬಹುಮಟ್ಟಿಗೆ ಈ ನದಿಯ ದಂಡೆಯ ಇಳಿಜಾರುಗಳಲ್ಲಿಯೇ. ಎಲ್ಲ ತೋಟಗಳನ್ನು ಕೂಡಿಸಿದರೂ 500 ಹೆಕ್ಟೇರ್ ಆಗುವುದಿಲ್ಲ. ಆದರೆ ಅಷ್ಟು ಕಿರಿದಾದ ನೆಲದಲ್ಲಿ ಹತ್ತಕ್ಕೂ ಹೆಚ್ಚು ಸ್ಥಳೀಯ ತಳಿಗಳು ಉಳಿದುಕೊಂಡಿವೆ. ಅವುಗಳಲ್ಲಿ ಹೆಚ್ಚಿನವನ್ನು ಈ ಕಣಿವೆಯ ಆಚೆ ಕಾಣುವುದೇ ಅಪರೂಪ. ಇದರಿಂದಾಗಿ ಹೊಸಬರು ಮೊದಲ ಬಾಟಲಿಯ ಮುಂದೆಯೇ ತಬ್ಬಿಬ್ಬಾಗುತ್ತಾರೆ: ತಳಿಯ ಹೆಸರು ಕೇಳಿದ್ದಲ್ಲ, ಊರಿನ ಹೆಸರು ನಕಾಶೆಯಲ್ಲಿ ಹುಡುಕಬೇಕಾದದ್ದು, ಲೇಬಲ್ಲಿನ ಭಾಷೆ ಒಮ್ಮೆ ಇಟಾಲಿಯನ್, ಮತ್ತೊಮ್ಮೆ ಫ್ರೆಂಚ್.

ವೈನ್ ಕಲಿಯುವವರಿಗೆ ಸಾಮಾನ್ಯವಾಗಿ ತಳಿಯಿಂದ ಶುರುಮಾಡಿ ಎಂದು ಹೇಳುವುದು ವಾಡಿಕೆ. ಈ ಕಣಿವೆಗೆ ಆ ಕ್ರಮ ಹೊಂದುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ನದಿಯ ಉದ್ದಕ್ಕೂ ಊರುಗಳನ್ನು ಮೊದಲು ಗುರುತಿಟ್ಟುಕೊಳ್ಳಬೇಕು, ಆ ಊರಿನ ಎತ್ತರ ಮತ್ತು ಬಿಸಿಲು ಯಾವ ತಳಿಯನ್ನು ಬೆಳೆಯಗೊಡುತ್ತವೆ ಎಂಬುದನ್ನು ಎರಡನೆಯದಾಗಿ ತಿಳಿಯಬೇಕು, ತಯಾರಕರ ಹೆಸರನ್ನು ಮೂರನೆಯದಾಗಿ ನೋಡಬೇಕು. ಈ ಅನುಕ್ರಮದಲ್ಲಿ ಹೋದವರಿಗೆ ಏಳೆಂಟು ಬಾಟಲಿಗಳ ಒಳಗೆ ಇಡೀ ಕಣಿವೆಯ ಚಿತ್ರ ಮೂಡುತ್ತದೆ.

ನದಿಯ ಹಾದಿಯನ್ನು ಮನದಟ್ಟು ಮಾಡಿಕೊಳ್ಳುವುದು

ಪಿಯೆಮೊಂತೆಯ ಕಡೆಯಿಂದ ಕಣಿವೆಯನ್ನು ಪ್ರವೇಶಿಸಿದರೆ ಮೊದಲು ಸಿಗುವುದು ಪೋಂ-ಸೇಂ-ಮಾರ್ತೆಂ, ಅದರ ಪಕ್ಕದಲ್ಲೇ ಡೊನ್ನಾಸ್. ಇಲ್ಲಿ ಸಮುದ್ರಮಟ್ಟದಿಂದ ಎತ್ತರ 300 ಮೀಟರಿಗೆ ತುಸು ಹೆಚ್ಚು. ಬಾರ್ಡ್ ಕೋಟೆಯನ್ನು ದಾಟಿ ಮೇಲಕ್ಕೆ ಬಂದರೆ ಆರ್ನಾ ಮತ್ತು ಮೊಂಜೊವೆ. ಅಲ್ಲಿಂದ ಕಣಿವೆ ಪಶ್ಚಿಮಕ್ಕೆ ತಿರುಗಿ ಶಾಂಬಾವ್, ನ್ಯೂಸ್ ಊರುಗಳನ್ನು ಹಾದು, ಸುಮಾರು 580 ಮೀಟರ್ ಎತ್ತರದಲ್ಲಿರುವ ರಾಜಧಾನಿ ಅವೊಸ್ತಾ ನಗರವನ್ನು ತಲುಪುತ್ತದೆ, ರೋಮನ್ನರು ಕ್ರಿ.ಪೂ. 25ರಲ್ಲಿ ಕಟ್ಟಿದ ನಗರವಿದು. ಅದರ ಮುಂದೆ ಸೇಂ-ಪಿಯೇರ್, ಆಯ್ಮವೀಲ್, ಆರ್ವಿಯೇ. ಕಟ್ಟಕಡೆಗೆ, ಮಾಂಟ್ ಬ್ಲಾಂಕ್‌ನ ಬುಡದ ಸಮೀಪ, 900 ಮೀಟರಿಗೂ ಮೇಲೆ ಮೋರ್ಜೆ ಮತ್ತು ಲಾ ಸಾಲ್. ಡೊನ್ನಾಸ್‌ನಿಂದ ಮೋರ್ಜೆಗೆ ಇರುವ ದೂರ ನೂರು ಕಿಲೋಮೀಟರಿಗಿಂತ ಕಡಿಮೆ. ಅಷ್ಟರಲ್ಲೇ ಎತ್ತರ ಮೂರು ಪಟ್ಟಾಗುತ್ತದೆ, ಆದ್ದರಿಂದ ಒಂದು ತುದಿಯ ತಳಿ ಇನ್ನೊಂದು ತುದಿಯಲ್ಲಿ ಹಣ್ಣಾಗುವುದೇ ಇಲ್ಲ.

ಎತ್ತರದಷ್ಟೇ ಮುಖ್ಯವಾದದ್ದು ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದು. ಕಣಿವೆಯ ನಡುಭಾಗದಲ್ಲಿ ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವುದರಿಂದ ಎಡದಂಡೆಯ ಗುಡ್ಡಗಳು ದಕ್ಷಿಣಾಭಿಮುಖವಾಗಿದ್ದು ದಿನವಿಡೀ ಬಿಸಿಲನ್ನು ಹೀರುತ್ತವೆ. ಸ್ಥಳೀಯರು ಈ ಮಗ್ಗುಲನ್ನು ಆದ್ರೆ ಎಂದು, ನೆರಳಿನ ಬಲದಂಡೆಯನ್ನು ಆನ್ವೇರ್ ಎಂದು ಕರೆಯುತ್ತಾರೆ. ತೋಟಗಳ ದೊಡ್ಡ ಪಾಲು ಆದ್ರೆಯಲ್ಲಿದೆ; ಆಯ್ಮವೀಲ್‌ನಂಥ ಕೆಲವು ಊರುಗಳು ಮಾತ್ರ ಬಲದಂಡೆಯಲ್ಲಿದ್ದೂ ಒಳ್ಳೆಯ ವೈನಿಗೆ ಹೆಸರಾಗಿವೆ. ಸುತ್ತಲಿನ ನಾಲ್ಕು ಸಾವಿರ ಮೀಟರ್ ಎತ್ತರದ ಪರ್ವತಗಳು ಮಳೆಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಅವೊಸ್ತಾದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಹಿಮಾಲಯದ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಆಲ್ಪ್ಸ್ ಎಂದರೆ ತೇವ ಮತ್ತು ಹಸಿರು ಎಂಬ ಕಲ್ಪನೆ ಇರುತ್ತದೆ, ಆದರೆ ಶಾಂಬಾವ್‌ನ ಮೇಲಿನ ಗುಡ್ಡಗಳು ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣದಲ್ಲಿರುತ್ತವೆ. ಹಿಮ ಕರಗಿದ ನೀರನ್ನು ಮೇಲಿನ ಕಣಿವೆಗಳಿಂದ ತಿರುಗಿಸಿ ತರುವ ಕಾಲುವೆಗಳನ್ನು ಇಲ್ಲಿಯ ಜನ ಮಧ್ಯಯುಗದಿಂದಲೇ ತೋಡಿದ್ದಾರೆ. ರೂ ಎಂದು ಕರೆಯಲಾಗುವ ಈ ಕಾಲುವೆಗಳು ಗುಡ್ಡದ ಸೊಂಟದ ಮಟ್ಟದಲ್ಲಿ ಮೈಲಿಗಟ್ಟಲೆ ಸಾಗಿ ತೋಟ ಮತ್ತು ಹುಲ್ಲುಗಾವಲುಗಳಿಗೆ ನೀರುಣಿಸುತ್ತವೆ.

ಇಳಿಜಾರು ಕಡಿದಾಗಿರುವಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸಲು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಹೊಂದಿಸಿ ಗೋಡೆ ಕಟ್ಟುತ್ತಾರೆ. ಒಂದು ಗೋಡೆಯ ಹಿಂದೆ ಮೂರು ಸಾಲು ಬಳ್ಳಿ ಹಿಡಿದರೆ ಅದೇ ದೊಡ್ಡ ತೋಟ. ಎಷ್ಟೋ ಕಡೆ ಒಂದೇ ಸಾಲು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಕಲ್ಲುಗಳನ್ನು ಅಲುಗಿಸುವುದರಿಂದ ವಸಂತದ ಮೊದಲ ಕೆಲಸ ಕುಸಿದ ಗೋಡೆಯನ್ನು ಎತ್ತಿ ನಿಲ್ಲಿಸುವುದು. ಯಂತ್ರಗಳು ಹತ್ತದ ಇಂಥ ತೋಟಗಳಲ್ಲಿ ಕೊಯ್ಲು, ಸವರುವಿಕೆ, ಗೊಬ್ಬರ ಹೊರುವುದು ಎಲ್ಲವೂ ಮನುಷ್ಯರ ಕೈಕೆಲಸ. ಇಂಥ ಕಡಿದಾದ, ಎತ್ತರದ ದ್ರಾಕ್ಷಿ ಬೇಸಾಯದ ರಕ್ಷಣೆಗಾಗಿಯೇ ಸೆರ್ವಿಮ್ ಎಂಬ ಅಂತರರಾಷ್ಟ್ರೀಯ ಕೇಂದ್ರ 1987ರಲ್ಲಿ ಈ ಪ್ರಾಂತ್ಯದಲ್ಲೇ ಸ್ಥಾಪನೆಯಾಯಿತು. ಇಳಿಜಾರು ಶೇ. 30ಕ್ಕಿಂತ ಹೆಚ್ಚಿರಬೇಕು, ಎತ್ತರ 500 ಮೀಟರ್ ಮೀರಿರಬೇಕು, ಅಥವಾ ಮೆಟ್ಟಿಲು ತೋಟವಾಗಿರಬೇಕು ಎಂಬಂಥ ಅಳತೆಗಳನ್ನು ಅದು ಇಟ್ಟುಕೊಂಡಿದೆ. ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೋ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಟಲಿಯೂ ಆ ದೇಶಗಳ ಸಾಲಿನಲ್ಲಿತ್ತು. ಬಾಟಲಿಯ ಬೆಲೆ ಯಾಕೆ ಹೆಚ್ಚು ಎಂದು ಕೇಳುವವರು ಈ ಗೋಡೆಗಳನ್ನು ಒಮ್ಮೆ ನೆನೆಯಬೇಕು.

ಲೇಬಲ್ ಓದುವ ಕ್ರಮ

ಯಾವ ನೆಲದ, ಯಾವ ತಳಿಯ ವೈನಿಗೆ ಯಾವ ಹೆಸರು ಸಲ್ಲುತ್ತದೆ ಎಂದು ಕಾನೂನಿನಿಂದ ಗೊತ್ತುಮಾಡುವ ಇಟಲಿಯ ನಿಯಂತ್ರಿತ ಮೂಲನಾಮ ಪದ್ಧತಿಯಲ್ಲಿ, ಅಂದರೆ ಡಿಒಸಿ ಪದ್ಧತಿಯಲ್ಲಿ, ಈ ಕಣಿವೆಯಿಂದ ಮೊದಲು ಮಾನ್ಯತೆ ಪಡೆದದ್ದು 1971ರಲ್ಲಿ ಡೊನ್ನಾಸ್, ಅದರ ಮರುವರ್ಷ ಆನ್‌ಫೇರ್ ದಾರ್ವಿಯೇ. 1985ರಲ್ಲಿ ಇಡೀ ಪ್ರಾಂತ್ಯವನ್ನು ಒಂದೇ ಡಿಒಸಿಯ ಅಡಿಯಲ್ಲಿ ತಂದು, ಈ ಎರಡು ಹೆಸರುಗಳನ್ನೂ ಅದರ ಉಪವಲಯಗಳನ್ನಾಗಿ ಮಾಡಲಾಯಿತು. ಆದ್ದರಿಂದ ಬಾಟಲಿಯ ಮೇಲೆ ದೊಡ್ಡ ಹೆಸರಾಗಿ ಇಟಾಲಿಯನ್ನಿನಲ್ಲಿ ವಾಲೆ ದಾವೋಸ್ತಾ ಎಂದೋ ಫ್ರೆಂಚಿನಲ್ಲಿ ವಾಲೇ ದಾವೋಸ್ತ್ ಎಂದೋ ಇರುತ್ತದೆ. 1948ರ ಸ್ವಾಯತ್ತತೆಯ ಶಾಸನ ಎರಡೂ ಭಾಷೆಗಳಿಗೆ ಸಮಾನ ಸ್ಥಾನ ಕೊಟ್ಟಿರುವುದರಿಂದ ಎರಡೂ ಒಂದೇ ಎಂದು ತಿಳಿಯಬೇಕು.

ಆ ದೊಡ್ಡ ಹೆಸರಿನ ನಂತರ ಬರುವ ಪದವನ್ನು ನೋಡಿ. ಅದು ಊರಿನ ಹೆಸರಾಗಿದ್ದರೆ ಏಳು ಉಪವಲಯಗಳಲ್ಲಿ ಒಂದಾಗಿರುತ್ತದೆ: ಕೆಳಗಿನಿಂದ ಮೇಲಕ್ಕೆ ಡೊನ್ನಾಸ್, ಆರ್ನಾ-ಮೊಂಜೊವೆ, ಶಾಂಬಾವ್, ನ್ಯೂಸ್, ತೊರೆತ್, ಆನ್‌ಫೇರ್ ದಾರ್ವಿಯೇ, ಬ್ಲಾಂ ದ ಮೋರ್ಜೆ ಎ ದ ಲಾ ಸಾಲ್. ಅದು ತಳಿಯ ಹೆಸರಾಗಿದ್ದರೆ, ಆ ತಳಿ ಕನಿಷ್ಠ ಶೇ. 85 ಇದೆ ಎಂದು ಅರ್ಥ, ಆದರೆ ಅದು ಕಣಿವೆಯ ಯಾವ ಊರಿನದು ಎಂಬುದು ಲೇಬಲ್ಲಿನಿಂದ ತಿಳಿಯದಿರಬಹುದು. ಊರಿನ ಹೆಸರು, ತಳಿಯ ಹೆಸರು ಎರಡೂ ಸೇರಿ ಬಂದಿರುವುದೂ ಉಂಟು. ಶಾಂಬಾವ್ ಮ್ಯುಸ್ಕಾ ಮತ್ತು ನ್ಯೂಸ್ ಮಾಲ್ವೊಯ್ಸಿ ಅಂಥವು. ಇವುಗಳ ಹಿಂದೆಮುಂದೆ ಬರುವ ಕೆಲವು ಪದಗಳನ್ನು ಗುರುತಿಸಲು ಕಲಿತರೆ ಸಾಕು. ಸ್ಯುಪೇರಿಯರ್ ಎಂದಿದ್ದರೆ ಆಲ್ಕೊಹಾಲ್ ಪ್ರಮಾಣವೂ ಮಾಗಿಸಿದ ಅವಧಿಯೂ ಸಾಮಾನ್ಯ ವೈನಿಗಿಂತ ಹೆಚ್ಚು. ಫ್ರೆಂಚಿನಲ್ಲಿ ಫ್ಲೇತ್ರಿ, ಇಟಾಲಿಯನ್ನಿನಲ್ಲಿ ಪಾಸಿತೊ ಎಂದಿದ್ದರೆ ಒಣಗಿಸಿದ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನ್. ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಮುದ್ರೆ ಈ ಪ್ರಾಂತ್ಯದ ಯಾವ ವೈನಿಗೂ ಇಲ್ಲ, ಅದನ್ನು ಹುಡುಕುತ್ತಾ ಕೂರಬೇಕಾಗಿಲ್ಲ.

ಮೊದಲ ಬಾಟಲಿ: ಪೆತಿ ರೂಜ್

ಎಲ್ಲಿಂದ ಆರಂಭಿಸಬೇಕು ಎಂದು ಯಾರಾದರೂ ಕೇಳಿದರೆ ತೊರೆತ್ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಏಳು ಉಪವಲಯಗಳಲ್ಲಿ ಕಣಿವೆಯ ಸ್ವಭಾವವನ್ನು ಸರಳವಾಗಿ ತೋರಿಸುವುದು ಅದೇ. ಅವೊಸ್ತಾ ನಗರದ ಸುತ್ತಲಿನ 11 ಊರುಗಳಲ್ಲಿ ಇದನ್ನು ಬೆಳೆಯುತ್ತಾರೆ. ಸೇಂ-ಪಿಯೇರ್‌ನ ಒಂದು ಗುಡ್ಡದಿಂದ ಹೆಸರು ಬಂದಿದೆ. ನಿಯಮದ ಪ್ರಕಾರ ಕನಿಷ್ಠ ಶೇ. 70 ಪೆತಿ ರೂಜ್ ಇರಬೇಕು, ಉಳಿದ ಭಾಗದಲ್ಲಿ ಫ್ಯೂಮಿನ್, ಕೊರ್ನಾಲಿನ್, ಮಯೊಲೆಯಂಥ ನೆರೆಹೊರೆಯ ಕೆಂಪು ತಳಿಗಳು ಸೇರಬಹುದು.

ಪೆತಿ ರೂಜ್ ಈ ಕಣಿವೆಯ ನಡುಭಾಗದ ಆಧಾರತಳಿ. ಕಾಯಿ ಸಣ್ಣದು, ಸ್ವಲ್ಪ ಕೋಳಿಮೊಟ್ಟೆಯ ಆಕಾರದ್ದು, ಸಿಪ್ಪೆಯ ಬಣ್ಣ ಗಾಢ. ಅದರ ವೈನಿನಲ್ಲಿ ಒಗರು ಕಡಿಮೆ, ಹುಳಿ ಹಿತವಾಗಿರುತ್ತದೆ, ಕೆಂಪು ಹಣ್ಣುಗಳ ಮತ್ತು ಕಾಡುಗುಲಾಬಿಯ ಕಂಪು ಮುಂದಾಗಿ ಬರುತ್ತದೆ. ಹೊಸದಾಗಿ ಸವಿಯುವವರು ಒಂದು ಗುಟುಕನ್ನು ಬಾಯಲ್ಲಿ ಹಿಡಿದು ವಸಡಿನ ಮೇಲೆ ಏನಾಗುತ್ತದೆ ಎಂದು ಗಮನಿಸಬೇಕು. ಬಲಿಯದ ಸೀಬೆಕಾಯಿ ತಿಂದಾಗ ಆಗುವಂಥ ಹಿಡಿತ ಇಲ್ಲಿ ಬಹಳ ಮೆತ್ತಗೆ ಬಂದು ಹೋಗುತ್ತದೆ. ಮುಂದೆ ಡೊನ್ನಾಸ್ ಕುಡಿಯುವಾಗ ಈ ಅಳತೆ ನೆನಪಿಗೆ ಬೇಕಾಗುತ್ತದೆ, ಆದ್ದರಿಂದ ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ತೊರೆತ್ ಪರಿಚಯವಾದ ಮೇಲೆ ಅದೇ ತಳಿಯ ಬೇರೆ ಊರುಗಳ ವೈನ್‌ಗಳಿಗೆ ಹೋಗಬಹುದು. ಆನ್‌ಫೇರ್ ದಾರ್ವಿಯೇಯಲ್ಲಿ ಕನಿಷ್ಠ ಶೇ. 85 ಪೆತಿ ರೂಜ್ ಇರುತ್ತದೆ. ಆರ್ವಿಯೇ ಊರಿನ ಹಿಂದೆ ಅರ್ಧವೃತ್ತಾಕಾರದಲ್ಲಿ ನಿಂತ ಬಂಡೆಗಳ ಮಡಿಲಲ್ಲಿ, ಕೆಲವೇ ಹೆಕ್ಟೇರಿನಷ್ಟು ಜಾಗದಲ್ಲಿ, ಈ ತೋಟಗಳಿವೆ. ಬಂಡೆ ಬಿಸಿಲನ್ನು ಹಿಡಿದಿಟ್ಟು ತೋಟದ ಮೇಲೆ ಮರಳಿ ಚೆಲ್ಲುವುದರಿಂದ, ಸುಮಾರು 750 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿ ಕಾಯಿ ಚೆನ್ನಾಗಿ ಬಲಿತು, ವೈನ್ ತೊರೆತ್‌ಗಿಂತ ತುಸು ಗಟ್ಟಿಯಾಗಿ, ಕೊನೆಗೆ ಸಣ್ಣ ಕಹಿಯೊಂದನ್ನು ಉಳಿಸಿ ಹೋಗುತ್ತದೆ. ಶಾಂಬಾವ್‌ನ ಕೆಂಪು ವೈನಿನಲ್ಲೂ ಪೆತಿ ರೂಜ್ ಶೇ. 70ಕ್ಕೆ ಕಡಿಮೆಯಿರುವುದಿಲ್ಲ. ನ್ಯೂಸ್‌ನ ಕೆಂಪಿನಲ್ಲಿ ಅದು ವಿಯೆನ್ ದ ನ್ಯೂಸ್ ಎಂಬ ಆ ಊರಿನದೇ ತಳಿಯೊಂದಿಗೆ ಬೆರೆಯುತ್ತದೆ. ಈ ನಾಲ್ಕನ್ನು ಅಕ್ಕಪಕ್ಕ ಇಟ್ಟು ಸವಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ತಳಿ ಒಂದೇ ಇದ್ದು ಊರು ಬದಲಾದಾಗ ಏನಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಲ್ಲಿ ತೋರಿಸುವ ಪಾಠ ಬೇರೆ ಸಿಗುವುದು ಕಷ್ಟ.

ಕೆಳಗಣ ಕಣಿವೆ: ನೆಬ್ಬಿಯೋಲೊ

ಬರೋಲೊ, ಬಾರ್ಬಾರೆಸ್ಕೊ ವೈನ್‌ಗಳ ಮೂಲಕ ಜಗತ್ತಿಗೆ ಪರಿಚಿತವಾದ ನೆಬ್ಬಿಯೋಲೊ ತಳಿ ಈ ಕಣಿವೆಯ ಬಾಯಲ್ಲಿ ಪಿಕೊತೆಂದ್ರೋ ಎಂಬ ಹೆಸರಿನಿಂದ ಬೆಳೆಯುತ್ತದೆ. ತಡವಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಾಗುವ ತಳಿಯಾದ್ದರಿಂದ ಕೆಳಗಿನ ಬೆಚ್ಚನೆಯ ಭಾಗದಿಂದ ಅದು ಮೇಲಕ್ಕೆ ಹೋಗಿಲ್ಲ. ಡೊನ್ನಾಸ್‌ನಲ್ಲಿ ಕನಿಷ್ಠ ಶೇ. 85, ಆರ್ನಾ-ಮೊಂಜೊವೆಯಲ್ಲಿ ಕನಿಷ್ಠ ಶೇ. 70 ನೆಬ್ಬಿಯೋಲೊ ಇರಬೇಕೆಂಬುದು ನಿಯಮ. ಡೊನ್ನಾಸ್‌ನ ಹಳೆಯ ತೋಟಗಳಲ್ಲಿ ಬಳ್ಳಿಗಳನ್ನು ಬಂಡೆಗಳ ನಡುವಿನ ಮೆಟ್ಟಿಲು ಪಟ್ಟಿಗಳಲ್ಲಿ ಚಪ್ಪರಕ್ಕೆ ಹಬ್ಬಿಸುತ್ತಾರೆ. ಪ್ರಾಂತ್ಯದ ಗಡಿಯಾಚೆ, ಪಿಯೆಮೊಂತೆಗೆ ಸೇರಿದ ಕರೇಮಾ ಎಂಬ ಊರಿನಲ್ಲೂ ಇದೇ ಬಂಡೆ, ಇದೇ ಚಪ್ಪರ, ಇದೇ ತಳಿ. ಕರೇಮಾಗೆ 1967ರಲ್ಲೇ ಡಿಒಸಿ ದೊರೆಯಿತು. ಎರಡನ್ನೂ ಒಟ್ಟಿಗೆ ಸವಿದರೆ ಆಡಳಿತದ ಗಡಿ ರುಚಿಯ ಗಡಿಯಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಡೊನ್ನಾಸ್ ವೈನಿನ ಬಣ್ಣ ತೆಳು, ಬಾಯಿಗೆ ಹಿಡಿತ ಗಟ್ಟಿ. ಬಣ್ಣ ನೋಡಿ ಹಗುರವೆಂದು ಭಾವಿಸಿದವರಿಗೆ ಮೊದಲ ಗುಟುಕಿನಲ್ಲೇ ಒಗರು ತನ್ನ ಇರವನ್ನು ತಿಳಿಸುತ್ತದೆ. ಬರೋಲೊಗಿಂತ ಇದರ ಮೈ ಸಣ್ಣದು, ಹುಳಿ ಹರಿತ, ಒಣಗಿದ ಗುಲಾಬಿ ದಳ ಮತ್ತು ಕೆಂಪು ಹಣ್ಣಿನ ಕಂಪು ಇದೆ. ಸುಮಾರು ಎರಡು ವರ್ಷ ಮಾಗಿಸಿದ ಮೇಲೆಯೇ ಮಾರಾಟಕ್ಕೆ ಬರುವ ವೈನ್ ಇದು. ಆದರೂ ಕೊಂಡ ಕೂಡಲೇ ತೆರೆಯದೆ ಇನ್ನೆರಡು ಮೂರು ವರ್ಷ ಇಟ್ಟರೆ ಒಗರು ಇಳಿದು ಕಂಪು ಅರಳುತ್ತದೆ.

ಮೋರ್ಜೆ ಮತ್ತು ಲಾ ಸಾಲ್: ತನ್ನದೇ ಬೇರಿನ ಬಳ್ಳಿ

ಇಡೀ ಕಣಿವೆಯಲ್ಲಿ ಒಂದೇ ಒಂದು ವೈನನ್ನು ಮಾತ್ರ ತಿಳಿಯಬಹುದು ಎಂದಾದರೆ ಅದು ಬ್ಲಾಂ ದ ಮೋರ್ಜೆ ಎ ದ ಲಾ ಸಾಲ್ ಆಗಿರಬೇಕು. ಮೊದಲ ಬಾಟಲಿಯಾಗಿ ನಾನು ಅದನ್ನು ಸೂಚಿಸಲಿಲ್ಲ, ಏಕೆಂದರೆ ಅದರ ರುಚಿ ಮೃದುವಾದದ್ದು. ಕೆಂಪು ವೈನ್‌ಗಳ ನಂತರ ಬಿಡುವಿನಿಂದ ಕುಳಿತವರಿಗೆ ಮಾತ್ರ ಅದು ಪೂರ್ತಿಯಾಗಿ ಸಿಗುತ್ತದೆ.

ಇಲ್ಲಿ ಬೆಳೆಯುವುದು ಪ್ರಿಯೇ ಬ್ಲಾಂ ಎಂಬ ಒಂದೇ ಬಿಳಿ ತಳಿ. ತೋಟಗಳು ಸುಮಾರು 900 ಮೀಟರಿನಿಂದ 1,200 ಮೀಟರಿನವರೆಗೆ ಏರುತ್ತವೆ, ಯುರೋಪಿನ ಅತಿ ಎತ್ತರದ ದ್ರಾಕ್ಷಿತೋಟಗಳ ಸಾಲಿಗೆ ಸೇರುತ್ತವೆ. ಅಷ್ಟು ಮೇಲೆ ಬೇಸಿಗೆ ಚಿಕ್ಕದು, ವಸಂತದ ಹಿಮಪಾತದ ಭಯ ತಡವಾಗಿಯೂ ಇರುತ್ತದೆ, ಶರತ್ಕಾಲ ಬೇಗ ಬಂದುಬಿಡುತ್ತದೆ. ಪ್ರಿಯೇ ಬ್ಲಾಂ ಬೇಗನೆ ಹಣ್ಣಾಗುವ ತಳಿ. ಬೇರೆ ಬಿಳಿ ತಳಿಗಳಿಗೆ ಸಾಲದ ಕಾಲಾವಧಿ ಇದಕ್ಕೆ ಸಾಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿತೋಟಗಳನ್ನು ನೆಲಸಮ ಮಾಡಿತು. ಅಂದಿನಿಂದ ಅಲ್ಲಿಯ ಬಹುಪಾಲು ಬಳ್ಳಿಗಳು ಆ ಕೀಟವನ್ನು ತಾಳುವ ಅಮೆರಿಕನ್ ಬೇರಿನ ಮೇಲೆ ಕಸಿಯಾದವು. ಕಸಿ ಕಟ್ಟುವುದು ವಿಜಯಪುರದ ಬೆಳೆಗಾರರಿಗೂ ಗೊತ್ತಿರುವ ಕೆಲಸ: ಅವರು ಡಾಗ್ ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿಯ ಕಡ್ಡಿ ಕೂರಿಸುತ್ತಾರೆ, ಆದರೆ ಅಲ್ಲಿ ಎದುರಾಳಿ ಈ ಕೀಟಕ್ಕಿಂತ ಹೆಚ್ಚಾಗಿ ಸವಳು ಮತ್ತು ನೀರಿನ ಕೊರತೆ. ಮೋರ್ಜೆಯ ಎತ್ತರಕ್ಕೆ ಫಿಲಾಕ್ಸೆರಾ ತಲುಪಲಿಲ್ಲ. ಅದರಿಂದ ಇಲ್ಲಿಯ ಪ್ರಿಯೇ ಬ್ಲಾಂ ಇಂದಿಗೂ ಕಸಿಯಿಲ್ಲದೆ ತನ್ನದೇ ಬೇರಿನ ಮೇಲೆ ನಿಂತಿದೆ. ಹಳೆಯ ಬಳ್ಳಿಯ ರೆಂಬೆಯನ್ನು ಬಾಗಿಸಿ ಮಣ್ಣಿನಲ್ಲಿ ಹೂತು, ಬೇರು ಬಿಟ್ಟ ಮೇಲೆ ಬೇರ್ಪಡಿಸಿ ಹೊಸ ಬಳ್ಳಿ ಮಾಡಿಕೊಳ್ಳುವ ಹಳೆಯ ಪದ್ಧತಿ ಇಂಥ ಕಡೆ ಮಾತ್ರ ನಿರ್ಭಯವಾಗಿ ನಡೆಯುತ್ತದೆ.

ಚಪ್ಪರದ ರಚನೆಯನ್ನು ಹತ್ತಿರದಿಂದ ನೋಡಬೇಕು. ಸಾಲು ಸಾಲು ಕಂಬಗಳ ಮೇಲೆ ಅಡ್ಡಗಳುಗಳನ್ನು ಹಾಯಿಸಿ, ಬಳ್ಳಿಯನ್ನು ನೆಲದಿಂದ ಒಂದು ಮೀಟರ್ ಆಸುಪಾಸಿನ ಎತ್ತರದಲ್ಲಿ ಹರಡಿರುತ್ತಾರೆ. ಎಲೆಗಳು ಮೇಲೆ ಬಿಸಿಲನ್ನು ಹಿಡಿಯುತ್ತವೆ, ಗೊಂಚಲುಗಳು ಕೆಳಗೆ ನೆಲದ ಹತ್ತಿರ ತೂಗುತ್ತವೆ. ಹಗಲಿನಲ್ಲಿ ಕಾದ ಮಣ್ಣು ಮತ್ತು ಕಲ್ಲು ರಾತ್ರಿ ಬಿಡುವ ಬೆಚ್ಚನೆಯ ಉಸಿರು ಈ ಎಲೆಮಾಡಿನ ಅಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಾಂಟ್ ಬ್ಲಾಂಕ್ ಕಡೆಯಿಂದ ಬೀಸುವ ಗಾಳಿಗೂ ಚಳಿಗಾಲದ ಹಿಮದ ಭಾರಕ್ಕೂ ತಗ್ಗು ಚಪ್ಪರವೇ ಕ್ಷೇಮ. ಇದರ ಬೆಲೆ ತೆರುವವರು ಕೊಯ್ಯುವವರು: ಸೊಂಟ ಬಗ್ಗಿಸಿಯೋ ಮಂಡಿಯೂರಿಯೋ ಚಪ್ಪರದಡಿ ನುಸುಳಿ ಗೊಂಚಲು ಕತ್ತರಿಸಬೇಕು, ತುಂಬಿದ ಬುಟ್ಟಿಯನ್ನು ಎಳೆದುಕೊಂಡು ಹೊರಬರಬೇಕು. ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳ ಅಡಿ ನಿಂತು ಓಡಾಡಿದವರಿಗೆ ಈ ವ್ಯತ್ಯಾಸ ಕೂಡಲೇ ಕಣ್ಣಿಗೆ ಬೀಳುತ್ತದೆ.

ವೈನ್ ಹೇಗಿರುತ್ತದೆ? ಬಣ್ಣ ಬಹಳ ತಿಳಿ, ಅಂಚಿನಲ್ಲಿ ಹಸಿರು ಛಾಯೆ. ಆಲ್ಕೊಹಾಲ್ ಶೇ. 11ರಿಂದ 12ರ ಸುತ್ತ, ಅಂದರೆ ಇಂದಿನ ಬಹುತೇಕ ಬಿಳಿ ವೈನ್‌ಗಳಿಗಿಂತ ಕಡಿಮೆ. ಮೂಗಿಗೆ ಬಿಳಿ ಹೂವು, ಹಸಿರು ಸೇಬು, ಒಣಹುಲ್ಲು, ಬೆಟ್ಟದ ಮೂಲಿಕೆಗಳ ಕಂಪು ಬರುತ್ತದೆ; ಬಾಯಲ್ಲಿ ಹುಳಿ ನೇರವಾಗಿದ್ದು ಕೊನೆಗೆ ಕಲ್ಲು ನೆಕ್ಕಿದಂಥ ಶುಷ್ಕತೆ ಉಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಇದರಲ್ಲಿ ಅರ್ಧ ಭಾಗವೂ ತಿಳಿಯುವುದಿಲ್ಲ. ಲೋಟಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟು, ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೂಗಿಗೆ ಹಿಡಿಯಬೇಕು. ಹುಳಿ ಚೆನ್ನಾಗಿರುವುದರಿಂದ ಇದೇ ದ್ರಾಕ್ಷಿಯಿಂದ, ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸುವ ವಿಧಾನದಲ್ಲಿ, ನೊರೆಯುಕ್ಕುವ ವೈನನ್ನೂ ಮಾಡುತ್ತಾರೆ. ಮೋರ್ಜೆಯ ಸಹಕಾರ ಸಂಘವಾದ ಕಾವ್ ಮೋಂ ಬ್ಲಾಂ ಇದಕ್ಕೆ ಹೆಸರಾಗಿದೆ.

ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್

ಶಾಂಬಾವ್‌ನ ಒಣಹವೆ ಸಣ್ಣಕಾಯಿಯ ಬಿಳಿ ಮಸ್ಕಟ್ ತಳಿಗೆ ಹೇಳಿ ಮಾಡಿಸಿದಂತಿದೆ. ಇದರಿಂದ ಎರಡು ಬಗೆ ಮಾಡುತ್ತಾರೆ. ಒಂದು ಸಿಹಿಯಿಲ್ಲದ ಶಾಂಬಾವ್ ಮ್ಯುಸ್ಕಾ. ಮೂಗಿಗೆ ಹಣ್ಣಿನ ಸಿಹಿ ಹೊಡೆಯುತ್ತದೆ, ನಾಲಿಗೆಗೆ ಸಿಹಿ ಸಿಗುವುದಿಲ್ಲ, ಇದನ್ನು ಮೊದಲೇ ತಿಳಿದಿದ್ದರೆ ನಿರಾಶೆಯಾಗದು. ಇನ್ನೊಂದು ಮ್ಯುಸ್ಕಾ ಫ್ಲೇತ್ರಿ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ವಾರಗಟ್ಟಲೆ ಹರವಿ, ನೀರಿನಂಶ ಇಳಿದು ಸಕ್ಕರೆ ಸಾಂದ್ರವಾದ ಮೇಲೆ ಹಿಂಡುತ್ತಾರೆ. ವಿಜಯಪುರದ ಶೆಡ್ಡುಗಳಲ್ಲಿ ಕಾಯಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ಪೂರ್ತಿ ಒಣದ್ರಾಕ್ಷಿಯಾಗುವವರೆಗೆ ಬಿಡುತ್ತಾರೆ; ಶಾಂಬಾವ್‌ನಲ್ಲಿ ಏನನ್ನೂ ಸವರದೆ, ರಸ ಉಳಿದಿರುವಾಗಲೇ ನಿಲ್ಲಿಸುತ್ತಾರೆ, ಕೊಳೆತ ಕಾಯಿಗಳನ್ನು ಆಗಾಗ ಕೈಯಿಂದ ಆರಿಸಿ ತೆಗೆಯುತ್ತಾರೆ. ನ್ಯೂಸ್‌ನಲ್ಲಿ ಮಾಲ್ವೊಯ್ಸಿ ದ್ರಾಕ್ಷಿಯನ್ನು ಇದೇ ರೀತಿ ಒಣಗಿಸಿ ವೈನ್ ಮಾಡುತ್ತಾರೆ. ಎರಡೂ ಸಣ್ಣ ಬಾಟಲಿಗಳಲ್ಲಿ ಬರುತ್ತವೆ, ಬೆಲೆ ಹೆಚ್ಚು, ಊಟದ ಕೊನೆಗೆ ಸಣ್ಣ ಲೋಟದಲ್ಲಿ ಕುಡಿಯುವಂಥವು.

ಅಪರೂಪದ ತಳಿಗಳು, ತೊಡಕಿನ ಹೆಸರುಗಳು

ಉಪವಲಯಗಳು ಪರಿಚಯವಾದ ಮೇಲೆ ಒಂಟಿ ತಳಿಯ ಬಾಟಲಿಗಳಿಗೆ ಬರಬಹುದು. ಫ್ಯೂಮಿನ್ ಅವುಗಳಲ್ಲಿ ಗಂಭೀರವಾದದ್ದು: ಗಾಢ ಬಣ್ಣ, ಗಟ್ಟಿ ಒಗರು, ಮಸಾಲೆಯ ಕಂಪು. ಹಿಂದೆ ಇದನ್ನು ಬೇರೆ ವೈನಿಗೆ ಬಣ್ಣ ಕೊಡಲು ಬೆರೆಸುತ್ತಿದ್ದರು. ಈಗ ಪೀಪಾಯಿಯಲ್ಲಿ ಮಾಗಿಸಿ ಪ್ರತ್ಯೇಕವಾಗಿ ತುಂಬುತ್ತಾರೆ, ಐದಾರು ವರ್ಷ ಇಡಲು ಯೋಗ್ಯ. ಮಯೊಲೆ ಬೇಗ ಹಣ್ಣಾಗುವ, ಹಗುರವಾದ, ಕಾಳುಮೆಣಸಿನ ಎಳೆಯುಳ್ಳ ಕೆಂಪು. ಪ್ರೆಮೆತ್ತಾದ ಸಿಪ್ಪೆಯಲ್ಲಿ ಬಣ್ಣ ಎಷ್ಟು ಕಡಿಮೆಯೆಂದರೆ ಅದರ ಕೆಂಪು ವೈನ್ ಗುಲಾಬಿ ವೈನಿನಂತೆ ಕಾಣುತ್ತದೆ. ವಿಯೆರ್ಮಿನ್ ಅಳಿವಿನಂಚಿನಿಂದ ಮರಳಿ ಬಂದ ತಳಿ.

ಇವು ಉಳಿದದ್ದು ತಾವಾಗಿಯೇ ಅಲ್ಲ. 1838ರಲ್ಲಿ ಲೊರೆಂಜೊ ಗಟ್ಟಾ ಎಂಬ ವೈದ್ಯ ಕಣಿವೆಯ ತಳಿಗಳನ್ನು ಒಂದೊಂದಾಗಿ ವಿವರಿಸಿ ದಾಖಲಿಸಿದ್ದು ನಂತರದವರಿಗೆ ಆಧಾರವಾಯಿತು. 1950ರ ದಶಕದಿಂದ ಗ್ರೇಟ್ ಸೇಂಟ್ ಬರ್ನಾರ್ಡ್ ಮಠದ ಪಾದ್ರಿಗಳು ನಡೆಸಿದ ಕೃಷಿಶಾಲೆಯಲ್ಲಿ ಜೊಸೆಫ್ ವೋದಾಂ ಅವರು ತಳಿ ಪ್ರಯೋಗಗಳನ್ನು ಮಾಡಿದರು. ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದ ಪೆತಿತ್ ಆರ್ವಿನ್ ತಳಿ ಇಲ್ಲಿ ಬೇರೂರಿರುವುದು ಅಂಥ ಪ್ರಯೋಗಗಳಿಂದ. ನಿಂಬೆಜಾತಿಯ ಹಣ್ಣಿನ ಕಂಪು ಮತ್ತು ಕೊನೆಯಲ್ಲಿ ಉಪ್ಪಿನ ಛಾಯೆಯಿರುವ ಈ ಬಿಳಿ ವೈನ್ ಈಗ ಕಣಿವೆಯ ಶ್ರೇಷ್ಠ ಬಿಳಿಗಳಲ್ಲೊಂದು. ಆಮೇಲಿನ ತಲೆಮಾರಿನಲ್ಲಿ ಆಯ್ಮವೀಲ್‌ನ ಕೊಸ್ತಾಂತಿನೊ ಶಾರೇರ್ ಅವರು ಪ್ರೆಮೆತ್ತಾದಂಥ ಮರೆತ ತಳಿಗಳನ್ನು ಮತ್ತೆ ಬಾಟಲಿಗೆ ತಂದರು.

ಕೊಳ್ಳುವಾಗ ಎರಡು ಹೆಸರುಗಳ ಬಗ್ಗೆ ಎಚ್ಚರವಿರಲಿ. ಇಲ್ಲಿಯ ಮಾಲ್ವೊಯ್ಸಿ ಮಾಲ್ವಾಸಿಯಾ ತಳಿಯಲ್ಲ, ಪಿನೊ ಗ್ರಿ. ಕೊರ್ನಾಲಿನ್ ಎಂಬುದು ಪರ್ವತದ ಈಚೆ ಒಂದು ತಳಿ, ಆಚೆ ವಾಲೇಯಲ್ಲಿ ಇನ್ನೊಂದು. ವಾಲೇಯವರು ರೂಜ್ ದ್ಯು ಪೇಯಿ ಎಂಬ ತಮ್ಮ ಹಳೆಯ ತಳಿಗೆ 1972ರಲ್ಲಿ ಕೊರ್ನಾಲಿನ್ ಎಂಬ ಹೆಸರಿಟ್ಟುಕೊಂಡರು. ಅವೊಸ್ತಾದ ನಿಜವಾದ ಕೊರ್ನಾಲಿನ್ ಅಲ್ಲಿ ಉಮಾನ್ಯ್ ರೂಜ್ ಎಂಬ ಹೆಸರಿನಲ್ಲಿದೆ. ಡಿಎನ್‌ಎ ಪರೀಕ್ಷೆಗಳು ಈ ನಂಟನ್ನು ಬಿಡಿಸಿವೆ: ಮಯೊಲೆ ಮತ್ತು ಪೆತಿ ರೂಜ್ ಸಂಕರದಿಂದ ಹುಟ್ಟಿದ್ದು ರೂಜ್ ದ್ಯು ಪೇಯಿ, ಅದರ ಸಂತಾನ ಅವೊಸ್ತಾದ ಕೊರ್ನಾಲಿನ್. ಅಂದರೆ ವಾಲೇಯ ಹೆಮ್ಮೆಯ ಕೆಂಪು ತಳಿಯ ತಾಯಿತಂದೆಗಳಿಬ್ಬರೂ ಡೋರಾ ದಂಡೆಯವರು.

ಕೊಳ್ಳುವುದು ಮತ್ತು ಬಡಿಸುವುದು

ಉತ್ಪಾದನೆ ಕಡಿಮೆ ಇರುವುದರಿಂದ ಈ ವೈನ್‌ಗಳು ಕಣಿವೆಯ ಹೊರಗೆ ಹೆಚ್ಚು ಹೋಗುವುದಿಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದಂತೂ ತೀರಾ ಅಪರೂಪ. ಮಿಲಾನ್, ಟ್ಯೂರಿನ್, ಜಿನೀವಾ ನಗರಗಳಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಕಣಿವೆ ದೂರವಲ್ಲ. ಜಿನೀವಾದಿಂದ ಬರುವವರು 1965ರಲ್ಲಿ ತೆರೆದ ಮಾಂಟ್ ಬ್ಲಾಂಕ್ ಸುರಂಗದ ಮೂಲಕ ಬರಬಹುದು. ಈಚಿನ ವರ್ಷಗಳಲ್ಲಿ ಶರತ್ಕಾಲದಲ್ಲಿ ದುರಸ್ತಿಗಾಗಿ ಅದನ್ನು ವಾರಗಟ್ಟಲೆ ಮುಚ್ಚುತ್ತಿರುವುದರಿಂದ ಕೊಯ್ಲಿನ ಕಾಲಕ್ಕೆ ಹೊರಡುವವರು ಮೊದಲೇ ವಿಚಾರಿಸಿ, ಬೇಕಾದರೆ ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗದ ದಾರಿ ಹಿಡಿಯುವುದು ಒಳ್ಳೆಯದು. ಮೊದಲ ಭೇಟಿಗೆ ಸಹಕಾರ ಸಂಘಗಳ ಮಳಿಗೆಗಳೇ ಸೂಕ್ತ: ಡೊನ್ನಾಸ್‌ನ ಸಂಘ, ಆರ್ನಾದ ಲಾ ಕಿಯುವಾ, ಶಾಂಬಾವ್‌ನ ಲಾ ಕ್ರೊತ್ತಾ ದಿ ವೆನ್ಯೆರೊನ್, ಆಯ್ಮವೀಲ್‌ನ ಕಾವ್ ದೆ ಓಂಜ್ ಕೊಮ್ಯೂನ್, ಆರ್ವಿಯೇಯ ಕೊ-ಆನ್‌ಫೇರ್, ಮೋರ್ಜೆಯ ಕಾವ್ ಮೋಂ ಬ್ಲಾಂ. ತುಂಡು ತುಂಡಾದ ಹಿಡುವಳಿಗಳ ದ್ರಾಕ್ಷಿ ಇಲ್ಲಿಗೇ ಬಂದು ಸೇರುವುದರಿಂದ ಆಯಾ ಊರಿನ ಸರಾಸರಿ ರುಚಿ ಇಲ್ಲಿ ಸಿಗುತ್ತದೆ, ಬೆಲೆಯೂ ಹದವಾಗಿರುತ್ತದೆ. ಖಾಸಗಿ ತಯಾರಕರ ಬಾಟಲಿಗಳನ್ನು ಆ ಅಳತೆ ಗೊತ್ತಾದ ಮೇಲೆ ಕೊಳ್ಳಿ.

ಬಿಸಿಲೂರಿನ ಮನೆಯಲ್ಲಿ ಇಡುವವರು ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತನ್ನು ಬಿಟ್ಟುಬಿಡಬೇಕು; ಆ ಮಾತು ಹುಟ್ಟಿದ್ದು ಚಳಿದೇಶದ ಕೋಣೆಗಳಲ್ಲಿ. ತೊರೆತ್, ಮಯೊಲೆ ಬಾಟಲಿಗಳನ್ನು 14ರಿಂದ 16 ಡಿಗ್ರಿಗೆ ತರಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಡೊನ್ನಾಸ್ ಮತ್ತು ಫ್ಯೂಮಿನ್‌ಗೆ 16ರಿಂದ 18 ಡಿಗ್ರಿ, ಫ್ಲೇತ್ರಿಗೆ 10ರಿಂದ 12 ಡಿಗ್ರಿ ಸರಿ. ಡೊನ್ನಾಸ್ ಬಾಟಲಿಯನ್ನು ಊಟಕ್ಕೆ ಒಂದು ಗಂಟೆ ಮೊದಲೇ ತೆರೆದು ಅಗಲಬಾಯಿಯ ಹೂಜಿಗೆ ಬಗ್ಗಿಸಿದರೆ ಒಗರು ಸ್ವಲ್ಪ ಸಡಿಲಗೊಳ್ಳುತ್ತದೆ.

ಕಣಿವೆಯವರು ಬ್ಲಾಂ ದ ಮೋರ್ಜೆಯನ್ನು ನದಿಯ ಟ್ರೌಟ್ ಮೀನಿನೊಂದಿಗೆ, ತೊರೆತ್ ವೈನನ್ನು ಫೊಂತಿನಾ ಚೀಸ್ ಕರಗಿಸಿದ ಅಡುಗೆಗಳೊಂದಿಗೆ, ಡೊನ್ನಾಸ್ ವೈನನ್ನು ನಿಧಾನವಾಗಿ ಬೇಯಿಸಿದ ಮಾಂಸದೊಂದಿಗೆ, ಮ್ಯುಸ್ಕಾ ಫ್ಲೇತ್ರಿಯನ್ನು ಹ್ಯಾಝೆಲ್ ಬೀಜದ ತೆಳು ಬಿಸ್ಕತ್ತುಗಳಾದ ತೆಗೊಲೆಯೊಂದಿಗೆ ಸೇವಿಸುತ್ತಾರೆ. ನಮ್ಮ ಅಡುಗೆಗೆ ಹೊಂದಿಸುವುದಾದರೆ ಖಾರ ಒಗರನ್ನೂ ಆಲ್ಕೊಹಾಲನ್ನೂ ಎತ್ತಿ ತೋರಿಸುತ್ತದೆ ಎಂಬುದನ್ನು ನೆನಪಿಡಿ: ಕೋಳಿಸಾರಿಗೆ ಡೊನ್ನಾಸ್‌ಗಿಂತ ತಂಪಾಗಿಸಿದ ತೊರೆತ್ ವಾಸಿ, ಕರಾವಳಿಯ ಮೀನಿನ ತವಾ ಫ್ರೈಗೆ ಪೆತಿತ್ ಆರ್ವಿನ್ ಚೆನ್ನಾಗಿ ಕೂಡುತ್ತದೆ, ಹುಣಸೆಹುಳಿ ಮುಂದಾಗಿರುವ ಸಾರುಗಳ ಎದುರು ಮೋರ್ಜೆಯ ಬಿಳಿ ವೈನ್ ನಿಲ್ಲುವುದಿಲ್ಲ. ತೆರೆದ ಬಾಟಲಿ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಬಿಳಿ ಮತ್ತು ಹಗುರ ಕೆಂಪು ವೈನ್‌ಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಸಕ್ಕರೆ ಹೆಚ್ಚಿರುವ ಫ್ಲೇತ್ರಿ ಒಂದು ವಾರಕ್ಕೂ ಹೆಚ್ಚು ಕಾಲ ತನ್ನ ಕಂಪನ್ನು ಉಳಿಸಿಕೊಳ್ಳುತ್ತದೆ.